ಕರೆಂಟು ಬಂದಾಗಲೆಲ್ಲ ಸೊನ್ನೆಗೆ ಮರಳುವ ಬಾಯ್ಲರ್ ಗಡಿಯಾರ

ಕಕ್ಕಡ ತಿಂಗಳ ಮಳೆ ಮುಗಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಬಿಸಿನೀರಿನ ಬಾಯ್ಲರಿನ ಕಂಟ್ರೋಲ್ ಬೋರ್ಡಿನಲ್ಲಿರುವ ಗಡಿಯಾರವು ಕರೆಂಟು ಹೋದಾಗ ಸಮಯವನ್ನು ಏಕೆ ಕಳೆದುಕೊಳ್ಳುತ್ತದೆ ಮತ್ತು ಅದನ್ನು ಹೇಗೆ ಸರಿಪಡಿಸಬೇಕು ಎಂಬುದು ಆ ವಿಷಯ. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾಪೋಕ್ಲು ಸಮೀಪದ ನಮ್ಮ ತೋಟದ ಮನೆಯಲ್ಲಿ 12 ವರ್ಷಗಳ ಹಿಂದೆ ಹಾಕಿಸಿದ 150 ಲೀಟರಿನ ವಿದ್ಯುತ್ ಬಾಯ್ಲರ್ ಇದೆ. ಬೆಳಗಿನ ಜಾವ ನಾಲ್ಕೂವರೆಗೆ ಆನ್ ಆಗಿ ಆರೂವರೆಗೆ ಆಫ್ ಆಗುವಂತೆ ಅದರ ಟೈಮರನ್ನು ಹೊಂದಿಸಿದ್ದೇವೆ. ಮೊದಲೆಲ್ಲ ಎರಡು ಮೂರು ದಿನ ಕರೆಂಟು ಇಲ್ಲದಿದ್ದರೂ ಗಡಿಯಾರ ಸರಿಯಾಗಿಯೇ ಇರುತ್ತಿತ್ತು. ಈಗ ಐದು ನಿಮಿಷ ಕರೆಂಟು ಹೋದರೂ ಅದು ಸೊನ್ನೆ ಗಂಟೆಗೆ ಮರಳುತ್ತದೆ. ಸಂಜೆ ಏಳಕ್ಕೆ ಕರೆಂಟು ಬಂದರೆ ರಾತ್ರಿ ಹನ್ನೊಂದೂವರೆಗೆ ನೀರು ಕಾಯಲು ಶುರುವಾಗುತ್ತದೆ. ನಾವು ಹೊಂದಿಸಿದ ಆನ್ ಮತ್ತು ಆಫ್ ಸಮಯಗಳು ಮಾತ್ರ ಹಾಗೆಯೇ ಉಳಿದಿರುತ್ತವೆ. ರಿಪೇರಿಗೆ ಬಂದವರು ಬೋರ್ಡ್ ಹೋಗಿದೆ, ಬದಲಿ ಬೋರ್ಡ್ ಈಗ ಸಿಗುವುದಿಲ್ಲ, ಬಾಯ್ಲರನ್ನೇ ಬದಲಾಯಿಸಿ ಎಂದರು. ಮುಚ್ಚಳ ತೆಗೆದಾಗ ಬೋರ್ಡಿನ ಮೂಲೆಯಲ್ಲಿ 3.6 ವೋಲ್ಟ್ ಎಂದು ಬರೆದಿರುವ ನೀಲಿ ಬಣ್ಣದ ಸಣ್ಣ ಉರುಳೆಯೊಂದು ಕಂಡಿತು; ಅದರ ಕಾಲಿನ ಸುತ್ತ ಬಿಳಿ ಮತ್ತು ಹಸಿರು ಪುಡಿ ಇದೆ. ಇದರ ಬದಲು ಅಂಗಡಿಯಲ್ಲಿ ಸಿಗುವ ಸಿಆರ್ 2032 ಎಂಬ ನಾಣ್ಯದಾಕಾರದ ಸೆಲ್ ಹಾಕಬಹುದೇ?
(ಒಬ್ಬ ಓದುಗರು, ನಾಪೋಕ್ಲು)

ಉತ್ತರ: ಮಾನ್ಯರೇ, ಬಾಯ್ಲರನ್ನು ಬದಲಾಯಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಆನ್ ಮತ್ತು ಆಫ್ ಸಮಯಗಳು ಉಳಿದಿರುತ್ತವೆ ಎಂದು ನೀವು ಬರೆದಿರುವ ಒಂದು ವಾಕ್ಯದಿಂದಲೇ ಬೋರ್ಡಿನ ಬಹುಭಾಗ ಆರೋಗ್ಯವಾಗಿದೆ ಎಂದು ತಿಳಿಯುತ್ತದೆ. ಆ ಸಮಯಗಳು ಇರುವುದು ಈಪ್ರಾಮ್ ಎಂಬ ನೆನಪಿನ ಚಿಪ್ಪಿನಲ್ಲಿ. ಒಮ್ಮೆ ಬರೆದದ್ದನ್ನು ಹಿಡಿದಿಡಲು ಅದಕ್ಕೆ ವಿದ್ಯುತ್ತೇ ಬೇಕಿಲ್ಲ. ಗಡಿಯಾರದ ಸಂಗತಿ ಬೇರೆ. ಅದು ಬರೆದಿಟ್ಟ ಅಂಕಿಯಲ್ಲ, ಎಡೆಬಿಡದೆ ನಡೆಯಬೇಕಾದ ಎಣಿಕೆ. ಬೋರ್ಡಿನ ಮೇಲಿರುವ ಸಣ್ಣ ಲೋಹದ ಕೊಳವೆಯಂಥ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ಈ ಎಣಿಕೆ ಒಂದು ಕ್ಷಣ ನಿಂತರೂ ಸಮಯ ತಪ್ಪಿದಂತೆಯೇ, ಆದ್ದರಿಂದ ಕರೆಂಟು ಇಲ್ಲದಿರುವಾಗ ಅದನ್ನು ನಡೆಸಲು ಬೋರ್ಡಿನ ಮೇಲೆ ಒಂದು ಪುಟ್ಟ ವಿದ್ಯುತ್ ಸಂಗ್ರಹವನ್ನು ಇಟ್ಟಿರುತ್ತಾರೆ. ನೀವು ಕಂಡ ನೀಲಿ ಉರುಳೆ ಅದೇ.

ಅದು ನಿಕಲ್ ಕ್ಯಾಡ್ಮಿಯಂ ಅಥವಾ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯ ಬ್ಯಾಟರಿ. ತಲಾ 1.2 ವೋಲ್ಟಿನ ಮೂರು ಸೆಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ನೀಲಿ ಪ್ಲಾಸ್ಟಿಕ್ ಸುತ್ತಿರುತ್ತಾರೆ. ಕರೆಂಟು ಇರುವಷ್ಟು ಹೊತ್ತು ಬೋರ್ಡು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಮತ್ತು ಅದರ ಹರಿವನ್ನು ತಗ್ಗಿಸುವ ರೆಸಿಸ್ಟರಿನ ಮೂಲಕ ಅದಕ್ಕೆ ಸಣ್ಣ ಪ್ರಮಾಣದಲ್ಲಿ ಚಾರ್ಜ್ ಕೊಡುತ್ತಲೇ ಇರುತ್ತದೆ, ಕರೆಂಟು ಹೋದಾಗ ಅದು ಗಡಿಯಾರಕ್ಕೆ ಹಿಂದಿರುಗಿಸುತ್ತದೆ. ಇಂಥ ಬ್ಯಾಟರಿಗೆ ಮೂರು ಶತ್ರುಗಳು, ಮೂರೂ ನಮ್ಮ ಕೊಡಗು ಜಿಲ್ಲೆಯ ತೋಟದ ಮನೆಗಳಲ್ಲಿ ಒಟ್ಟಿಗೇ ಸಿಗುತ್ತವೆ. ಬಿಸಿನೀರಿನ ಟ್ಯಾಂಕಿಗೆ ಅಂಟಿಕೊಂಡ ಪೆಟ್ಟಿಗೆಯ ಶಾಖ ಒಂದು. ಮಳೆಗಾಲದ ತೇವ ಇನ್ನೊಂದು. ಮೂರನೆಯದು ದಿನಗಟ್ಟಲೆ ಬಾರದ ಕರೆಂಟು: ಬ್ಯಾಟರಿ ತಳದವರೆಗೆ ಖಾಲಿಯಾದಾಗ ಮೂರು ಸೆಲ್ಲುಗಳ ಪೈಕಿ ಅತಿ ದುರ್ಬಲವಾದದ್ದರೊಳಗೆ ಉಳಿದೆರಡು ಸೆಲ್ಲುಗಳು ವಿದ್ಯುತ್ತನ್ನು ಉಲ್ಟಾ ಹರಿಸಿ ಅದನ್ನು ಶಾಶ್ವತವಾಗಿ ಕೆಡಿಸುತ್ತವೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರೂರುಗಳೇ ದಿನಗಟ್ಟಲೆ ಕತ್ತಲಲ್ಲಿದ್ದುದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 12 ವರ್ಷ ಬಾಳಿದ ನಿಮ್ಮ ಬ್ಯಾಟರಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ಕೈ ಹಾಕುವ ಮೊದಲು ಒಂದು ಎಚ್ಚರಿಕೆಯನ್ನು ದಯವಿಟ್ಟು ಪೂರ್ತಿಯಾಗಿ ಓದಿ. 3.6 ವೋಲ್ಟಿನ ಬ್ಯಾಟರಿ ತಾನೇ, ಮುಟ್ಟಿದರೆ ಏನಾದೀತು ಎಂದು ಯಾರೂ ಭಾವಿಸಬಾರದು. ಅನೇಕ ಕಂಟ್ರೋಲ್ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚೌಕಾಕಾರದ ದೊಡ್ಡ ಕೆಪಾಸಿಟರಿನ ಮೂಲಕ 230 ವೋಲ್ಟನ್ನು ನೇರವಾಗಿ ಇಳಿಸಿರುತ್ತಾರೆ. ಅಂಥ ಬೋರ್ಡಿನಲ್ಲಿ ಬ್ಯಾಟರಿಯ ಕಾಲಿನಿಂದ ನೆಲಕ್ಕೆ 230 ವೋಲ್ಟ್ ಇರಬಲ್ಲದು, ಬಚ್ಚಲಿನ ಒದ್ದೆ ನೆಲದ ಮೇಲೆ ನಿಂತವರ ಪಾಲಿಗೆ ಅದು ಪ್ರಾಣಾಪಾಯ. ಆದ್ದರಿಂದ ಬಾಯ್ಲರಿನ ಎಂಸಿಬಿಯನ್ನು ಇಳಿಸಬೇಕು, ಅದು ಒಂದೇ ತಂತಿಯನ್ನು ಕಡಿಯುವ ಒಂಟಿ ಎಂಸಿಬಿ ಆಗಿದ್ದರೆ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಬೇಕು, ಏಕೆಂದರೆ ಹಳೆಯ ಮನೆಗಳ ವಯರಿಂಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಜನರೇಟರ್ ಅಥವಾ ಇನ್ವರ್ಟರ್ ತಾನಾಗಿ ಚಾಲೂ ಆಗುವ ವ್ಯವಸ್ಥೆಯಿದ್ದರೆ ಅದನ್ನೂ ನಿಲ್ಲಿಸಿರಬೇಕು. ಅನಂತರ ಬೋರ್ಡಿಗೆ ಬರುವ ತಂತಿಗಳಲ್ಲಿ ವಿದ್ಯುತ್ ಇಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಂಡು, ಹತ್ತು ನಿಮಿಷ ಬಿಟ್ಟು, ಎಲ್ಲ ತಂತಿಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಬೋರ್ಡನ್ನು ಬಿಚ್ಚಿ ಮೇಜಿನ ಮೇಲೆ ತನ್ನಿ. ಬಾಯ್ಲರಿನಲ್ಲೇ ಇಟ್ಟುಕೊಂಡು ಬೆಸುಗೆ ಹಾಕಬೇಡಿ. ಥರ್ಮೋಸ್ಟಾಟ್, ಅತಿಶಾಖಕ್ಕೆ ಕಡಿದುಕೊಳ್ಳುವ ಕಟ್‌ಔಟ್, ಅರ್ಥಿಂಗ್ ತಂತಿ ಇವುಗಳನ್ನು ಈ ಕೆಲಸದ ನೆಪದಲ್ಲಿ ಅಲ್ಲಾಡಿಸಲೂ ಕೂಡದು. ಇಷ್ಟನ್ನು ಮಾಡುವ ಧೈರ್ಯ ಅಥವಾ ಅನುಭವ ಇಲ್ಲದಿದ್ದರೆ ಬೋರ್ಡನ್ನು ಬಿಚ್ಚಿಕೊಡುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ವಹಿಸಿ. ಮುಂದಿನದ್ದನ್ನು ಟಿವಿ ಅಥವಾ ಇನ್ವರ್ಟರ್ ರಿಪೇರಿ ಮಾಡುವ ಯಾರಾದರೂ ಮಾಡಿಕೊಡಬಲ್ಲರು.

ಬ್ಯಾಟರಿ ನಿಜವಾಗಿ ಸತ್ತಿದೆಯೇ ಎಂದು ಅಳೆಯುವುದು ಸುಲಭ. ಒಂದು ದಿನ ಪೂರ್ತಿ ಕರೆಂಟು ಇದ್ದ ಬಳಿಕ, ಮೇಲೆ ಹೇಳಿದಂತೆ ಎಲ್ಲವನ್ನೂ ಇಳಿಸಿ ಖಚಿತಪಡಿಸಿಕೊಂಡು, ಬ್ಯಾಟರಿಯ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿಯಬೇಕು. 3.6ರಿಂದ 4 ವೋಲ್ಟ್ ತೋರಿಸಿ ಒಂದು ಗಂಟೆಯ ನಂತರವೂ ಅಲ್ಲಿಯೇ ನಿಂತರೆ ಬ್ಯಾಟರಿ ಚೆನ್ನಾಗಿದೆ, ದೋಷ ಬೇರೆ ಕಡೆ ಇದೆ. 2.4ರ ಆಸುಪಾಸಿನಲ್ಲಿದ್ದರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ ಎಂದರ್ಥ. ನಿಮ್ಮ ಬ್ಯಾಟರಿಯ ಕಾಲಿನಲ್ಲಿ ಪುಡಿ ಕಾಣಿಸಿಕೊಂಡಿರುವುದರಿಂದ ಅಂಕಿ ಏನೇ ಬಂದರೂ ಅದನ್ನು ತೆಗೆಯಲೇಬೇಕು, ಅದೂ ಬೇಗ. ಆ ಪುಡಿ ಬ್ಯಾಟರಿಯೊಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹೊರಗೆ ಒಸರಿದ್ದರ ಗುರುತು. ಅದು ತಾಮ್ರದ ಗೆರೆಗಳನ್ನು ಹಿಡಿದು ಹಸಿರು ಬಣ್ಣದ ಲೇಪನದ ಕೆಳಗೆ ಸದ್ದಿಲ್ಲದೆ ಹರಿದು, ಕೂದಲೆಳೆಯಂಥ ಗೆರೆಗಳನ್ನು ತಿಂದು ಹಾಕುತ್ತದೆ. ಬ್ಯಾಟರಿ ಹೋದದ್ದರಿಂದ ಬೋರ್ಡು ಸಾಯುವುದಿಲ್ಲ, ಈ ಸೋರಿಕೆಯಿಂದ ಸಾಯುತ್ತದೆ. ಒಂದು ಮಳೆಗಾಲದ ಮಟ್ಟಿಗೆ ಸುಮ್ಮನಿದ್ದರೆ ರಿಪೇರಿಯವರು ಹೇಳಿದ ಮಾತು ನಿಜವಾಗುವ ಸಾಧ್ಯತೆಯಿದೆ.

ಹಳೆಯ ಬ್ಯಾಟರಿಯನ್ನು ಬಿಚ್ಚುವಾಗ ಎಳೆಯಬಾರದು. ಧನ ಮತ್ತು ಋಣ ತುದಿಗಳನ್ನು ಬೋರ್ಡಿನ ಮೇಲೆ ಗುರುತು ಮಾಡಿಕೊಂಡು, ಸಣ್ಣ ಕಟ್ಟರಿನಿಂದ ಕಾಲುಗಳನ್ನು ಕತ್ತರಿಸಿ ಉರುಳೆಯನ್ನು ತೆಗೆದು, ಅನಂತರ ಒಂದೊಂದೇ ಕಾಲನ್ನು 25 ವ್ಯಾಟಿನ ಬೆಸುಗೆ ಕಡ್ಡಿಯಿಂದ ಕಾಯಿಸಿ ಹೊರತೆಗೆಯಬೇಕು. ಕ್ಷಾರ ತಗುಲಿದ ಸೀಸ ಬೇಗ ಕರಗುವುದಿಲ್ಲ. ಹೊಸ ಸೀಸವನ್ನು ಸ್ವಲ್ಪ ಸೇರಿಸಿದರೆ ಕರಗುತ್ತದೆ. ಬಳಿಕ ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಬಿಳಿ ವಿನೆಗರ್ ಅಥವಾ ಸೋಸಿದ ನಿಂಬೆರಸ ಹಚ್ಚಿ, ಪುಡಿಯಿದ್ದ ಜಾಗವನ್ನು ಮೃದುವಾಗಿ ಉಜ್ಜಿ. ಕ್ಷಾರವನ್ನು ಹುಳಿ ತಟಸ್ಥಗೊಳಿಸುತ್ತದೆ ಎಂಬುದೇ ಇಲ್ಲಿನ ತತ್ವ. ಹುಳಿಯೆಂದ ಕೂಡಲೆ ನಮ್ಮಲ್ಲಿ ಮೊದಲು ನೆನಪಾಗುವುದು ಕಾಚಂಪುಳಿ. ಆದರೆ ಅದನ್ನು ಇಲ್ಲಿ ಬಳಸಬೇಡಿ, ಹಣ್ಣಿನ ರಸವನ್ನು ಕುದಿಸಿ ಗಟ್ಟಿಮಾಡಿದ ಅದು ಬೋರ್ಡಿನ ಮೇಲೆ ಅಂಟಾಗಿ ಉಳಿದು ತೇವವನ್ನು ಹಿಡಿದುಕೊಳ್ಳುತ್ತದೆ. ಹುಳಿ ಹಚ್ಚಿದ ಜಾಗವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಸಿಲಿದ್ದರೆ ಬಿಸಿಲಿನಲ್ಲಿ, ಇಲ್ಲದಿದ್ದರೆ ಫ್ಯಾನಿನ ಕೆಳಗೆ ಒಂದು ದಿನ ಒಣಗಿಸಬೇಕು. ಆಮೇಲೆ ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಕಪ್ಪಾದ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಕಡಿದುಹೋದ ಗೆರೆಗೆ ತಂತಿಯ ಒಂದು ಎಳೆಯನ್ನು ಬೆಸೆದರೆ ಸಾಕು. ಹರಳಿನ ಕಾಲುಗಳನ್ನು ವಿಶೇಷವಾಗಿ ನೋಡಿ, ಏಕೆಂದರೆ ಅದು ಬ್ಯಾಟರಿಯ ಪಕ್ಕದಲ್ಲೇ ಇದ್ದರೆ ಸೋರಿದ ಕ್ಷಾರ ಮೊದಲು ತಲುಪುವುದು ಅದನ್ನೇ.

ಇನ್ನು ಸಿಆರ್ 2032 ಹಾಕಬಹುದೇ ಎಂಬ ನಿಮ್ಮ ಪ್ರಶ್ನೆ. ಸುಮ್ಮನೆ ತೆಗೆದು ಅದೇ ಜಾಗದಲ್ಲಿ ಹಾಕುವುದಾದರೆ ಖಂಡಿತ ಹಾಕಬಾರದು. ಅದು ಚಾರ್ಜ್ ಮಾಡಲಾಗದ ಲಿಥಿಯಂ ಸೆಲ್. ನಿಮ್ಮ ಬೋರ್ಡು ಹಗಲಿರುಳು ಅದರೊಳಗೆ ವಿದ್ಯುತ್ತನ್ನು ತಳ್ಳುತ್ತಿರುತ್ತದೆ, ಆಗ ಅದು ಉಬ್ಬಬಹುದು, ಸೋರಬಹುದು, ಸಿಡಿಯಲೂಬಹುದು. ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಬಾಯ್ಲರಿಗೂ ಇದೇ ತೊಂದರೆಯಾದಾಗ, ರಿಪೇರಿಗೆ ಬಂದವರೊಬ್ಬರು ನಾಣ್ಯದ ಸೆಲ್ಲಿಗೆ ನೇರವಾಗಿ ತಂತಿ ಬೆಸೆದು ಕೂರಿಸಿ ಹೋದರು. ಗಡಿಯಾರ ಸರಿಯಾಗಿ ನಡೆಯಿತು, ನನಗೂ ಸಂತೋಷವಾಯಿತು. ನಾಲ್ಕು ತಿಂಗಳ ನಂತರ ಸುಟ್ಟ ವಾಸನೆ ಬಂತೆಂದು ಮುಚ್ಚಳ ತೆಗೆದರೆ ಸೆಲ್ಲು ಬೋಂಡದಂತೆ ಉಬ್ಬಿ, ಅದರ ಮೇಲಿನ ಪ್ಲಾಸ್ಟಿಕ್ ಕರಗಿತ್ತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅದು ಹತ್ತಿಕೊಂಡಿದ್ದರೆ ಎಂದು ನೆನೆದಾಗ ಈಗಲೂ ಮನಸ್ಸು ನಡುಗುತ್ತದೆ. ಈ ಒಂದು ತಪ್ಪನ್ನು ಓದುಗರಲ್ಲಿ ಯಾರೂ ಮಾಡದಿರಲಿ ಎಂಬುದೇ ಇಷ್ಟು ವಿಸ್ತಾರವಾಗಿ ಬರೆಯಲು ಕಾರಣ.

ನನ್ನ ಸಲಹೆ ಸರಳವಾಗಿದೆ. ಅದೇ 3.6 ವೋಲ್ಟಿನ, ಮೂರು ಸೆಲ್ಲುಗಳ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯನ್ನು ಬೆಸುಗೆಯ ಕಾಲುಗಳ ಸಮೇತ ತರಿಸಿಕೊಳ್ಳಿ. ಸಂಗ್ರಹ ಸಾಮರ್ಥ್ಯ ಹಳೆಯದರಷ್ಟೇ ಅಥವಾ ಸ್ವಲ್ಪ ಹೆಚ್ಚಿರಲಿ. 60 ಮಿಲಿಆಂಪ್ ಅವರ್ ಇದ್ದಲ್ಲಿ 80ರದ್ದನ್ನು ಹಾಕಿದರೆ ತೊಂದರೆಯಿಲ್ಲ. ಅದನ್ನು ಮತ್ತೆ ಬೋರ್ಡಿಗೇ ಬೆಸೆಯುವ ಬದಲು ಒಂದು ಗೇಣು ಉದ್ದದ ಎರಡು ತಂತಿಗಳ ತುದಿಗೆ ಬೆಸೆದು, ಮೇಲೆ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ (ಹೀಟ್ ಶ್ರಿಂಕ್) ತೊಡಿಸಿ, ಪೆಟ್ಟಿಗೆಯೊಳಗೆ ಟ್ಯಾಂಕಿನಿಂದ ದೂರವಿರುವ ಕೆಳಮೂಲೆಯಲ್ಲಿ ಕಟ್ಟಿಡಿ. ಮುಂದೊಂದು ದಿನ ಅದು ಸೋರಿದರೂ ಬೋರ್ಡಿಗೆ ತಗುಲುವುದಿಲ್ಲ, ಶಾಖವೂ ಕಡಿಮೆ ತಾಗುತ್ತದೆ. ತಂತಿಯ ನಿರೋಧಕ ಹೊದಿಕೆ 230 ವೋಲ್ಟಿಗೆ ತಕ್ಕದ್ದಾಗಿರಬೇಕು, ಕಾರಣವನ್ನು ಮೇಲೆಯೇ ಹೇಳಿದ್ದೇನೆ.

ಇಂಥ ಬ್ಯಾಟರಿ ಎಲ್ಲಿಯೂ ಸಿಗದೆ ನಾಣ್ಯದ ಸೆಲ್ಲೇ ಗತಿಯೆಂದಾದರೆ, ಬೋರ್ಡಿನ ಚಾರ್ಜಿಂಗ್ ದಾರಿಯನ್ನು ಮೊದಲು ಮುಚ್ಚಬೇಕು. ಬ್ಯಾಟರಿಯ ಧನ ತುದಿಯಿಂದ ಗೆರೆಯನ್ನು ಹಿಂಬಾಲಿಸಿ ಹೋದರೆ 5 ವೋಲ್ಟಿನ ಕಡೆಗೆ ಹೋಗುವ ಒಂದು ರೆಸಿಸ್ಟರ್ ಸಿಗುತ್ತದೆ, ಅದನ್ನು ಬಿಚ್ಚಿ ತೆಗೆಯಬೇಕು. ಅದರ ಮೇಲೆ ಭದ್ರತೆಗಾಗಿ ಸೆಲ್ಲಿನ ಧನ ತುದಿಗೆ 1ಎನ್ 4148 ಡಯೋಡನ್ನು, ವಿದ್ಯುತ್ ಸೆಲ್ಲಿನಿಂದ ಹೊರಕ್ಕಷ್ಟೇ ಹರಿಯುವ ದಿಕ್ಕಿನಲ್ಲಿ, ಸರಣಿಯಾಗಿ ಸೇರಿಸಬೇಕು. ಡಯೋಡ್ ಹಾಕಿದ್ದೇನೆ, ರೆಸಿಸ್ಟರ್ ಇರಲಿ ಬಿಡಿ ಎನ್ನುವುದು ಸರಿಯಲ್ಲ. ಉದಾಹರಣೆಗೆ ಡಿಎಸ್ 1307 ಎಂಬ ಸಾಮಾನ್ಯ ಗಡಿಯಾರದ ಚಿಪ್ಪನ್ನು ತೆಗೆದುಕೊಳ್ಳಿ. ಅದರ ಬ್ಯಾಟರಿ ಪಿನ್ನಿಗೆ 2ರಿಂದ 3.5 ವೋಲ್ಟಿನೊಳಗೆ ಇರಬೇಕೆಂಬ ನಿಯಮವಿದೆ, ಮತ್ತು ಮುಖ್ಯ ವೋಲ್ಟೇಜು ಬ್ಯಾಟರಿಯ 1.25 ಪಟ್ಟಿಗಿಂತ ಕೆಳಗಿದ್ದರೆ ಕರೆಂಟು ಹೋಗಿದೆಯೆಂದೇ ಅದು ತಿಳಿಯುತ್ತದೆ. ವೋಲ್ಟೇಜನ್ನು ತಗ್ಗಿಸಿ ಹಿಡಿದಿಡುವ ಬ್ಯಾಟರಿ ಇಲ್ಲದೆ ರೆಸಿಸ್ಟರಿನ ಮೂಲಕ ಆ ಪಿನ್ನಿಗೆ 4.3 ವೋಲ್ಟ್ ಬಂದರೆ, ಅದರ 1.25 ಪಟ್ಟು ಸುಮಾರು 5.4 ಆಗುತ್ತದೆ, 5 ವೋಲ್ಟಿನ ಬೋರ್ಡಿನಲ್ಲಿ ಚಿಪ್ಪು ಯಾರಿಗೂ ಉತ್ತರಿಸದೆ ಕುಳಿತುಬಿಡುತ್ತದೆ. ಇದೇ ಚಿಪ್ಪು ಬ್ಯಾಟರಿಯ ಮೇಲೆ ನಡೆಯುವಾಗ ಎಳೆಯುವುದು ಒಂದು ಮೈಕ್ರೋಆಂಪಿನ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಸುಮಾರು 220 ಮಿಲಿಆಂಪ್ ಅವರ್ ಇರುವ ಸಿಆರ್ 2032 ಅಲ್ಲಿ ತನ್ನ ಸಹಜ ಆಯುಸ್ಸು ಮುಗಿಯುವವರೆಗೂ ಸಾಕಾಗುತ್ತದೆ. ಪ್ರತ್ಯೇಕ ಗಡಿಯಾರದ ಚಿಪ್ಪಿಲ್ಲದೆ ಮುಖ್ಯ ಮೈಕ್ರೋಕಂಟ್ರೋಲರೇ ಸಮಯ ಎಣಿಸುವ ಬೋರ್ಡಾದರೆ 20 ಮೈಕ್ರೋಆಂಪ್ ಬೇಕಾದೀತು. ಆಗ ಅದೇ ಸೆಲ್ಲು ಒಟ್ಟು 11,000 ಗಂಟೆಗಳ ಕತ್ತಲಿಗೆ ಸಾಲುತ್ತದೆ. ಸೆಲ್ಲನ್ನು ಹೋಲ್ಡರಿನಲ್ಲಿ ಕೂರಿಸಬೇಕೇ ಹೊರತು ಅದರ ಮೈಗೆ ಎಂದೂ ಬೆಸುಗೆ ಕಡ್ಡಿ ತಾಗಿಸಬಾರದು.

ಬೋರ್ಡನ್ನು ಮರಳಿ ಜೋಡಿಸಿ, ಮುಚ್ಚಳ ಹಾಕಿ, ಕರೆಂಟು ಕೊಟ್ಟಾಗ ಗಡಿಯಾರ ನಿಂತಲ್ಲೇ ನಿಂತಿದ್ದರೆ ಗಾಬರಿಯಾಗಬೇಡಿ. ಕೆಲವು ಚಿಪ್ಪುಗಳು ಬ್ಯಾಟರಿ ಪೂರ್ತಿ ಹೋಗಿ ಬಂದ ಮೇಲೆ, ಒಮ್ಮೆ ಸಮಯ ಹೊಂದಿಸುವವರೆಗೆ ಹರಳನ್ನು ನಡೆಸುವುದೇ ಇಲ್ಲ. ಸಮಯ ಹೊಂದಿಸಿ, ಮೂರು ದಿನ ಚಾರ್ಜ್ ಆಗಲು ಬಿಟ್ಟು, ಒಂದು ರಾತ್ರಿ ಎಂಸಿಬಿ ಇಳಿಸಿ ಬೆಳಿಗ್ಗೆ ನೋಡಿ.

ಪ್ರಶ್ನೆ: ನಮ್ಮ ಬೋರ್ಡಿನಲ್ಲಿ ಬ್ಯಾಟರಿ ಇಲ್ಲ, 5.5 ವೋಲ್ಟ್ 0.22 ಫ್ಯಾರಡ್ ಎಂದು ಬರೆದ ದಪ್ಪ ಬಿಲ್ಲೆಯಂಥ ಕೆಪಾಸಿಟರ್ ಇದೆ. ಅದನ್ನು ಹೊಸದಾಗಿ ಹಾಕಿಸಿದರೂ ಒಂದೇ ರಾತ್ರಿಯ ಮಟ್ಟಿಗೆ ಸಮಯ ನಿಲ್ಲುತ್ತದೆ. ಹೊಸದೂ ನಕಲಿಯೇ?
(ಒಬ್ಬ ಓದುಗರು, ವಿರಾಜಪೇಟೆ)

ಉತ್ತರ: ನಕಲಿ ಎಂದು ಈಗಲೇ ತೀರ್ಮಾನಿಸಬೇಡಿ. ಇದಕ್ಕೆ ಸೂಪರ್ ಕೆಪಾಸಿಟರ್ ಎನ್ನುತ್ತಾರೆ. ಅದು ಎಷ್ಟು ಹೊತ್ತು ನಡೆಸುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು: ಅದು ಇಳಿಯಬಲ್ಲ ವೋಲ್ಟನ್ನು ಫ್ಯಾರಡ್ಡಿನಿಂದ ಗುಣಿಸಿ, ಗಡಿಯಾರ ಎಳೆಯುವ ಆಂಪಿಯರಿನಿಂದ ಭಾಗಿಸಿದರೆ ಸೆಕೆಂಡುಗಳು ಸಿಗುತ್ತವೆ. 4.6 ವೋಲ್ಟಿಗೆ ತುಂಬಿದ 0.22 ಫ್ಯಾರಡ್ಡು 2 ವೋಲ್ಟಿನವರೆಗೆ ಇಳಿಯುವುದೆಂದು ಇಟ್ಟುಕೊಂಡರೆ, ಒಂದು ಮೈಕ್ರೋಆಂಪ್ ಎಳೆಯುವ ಗಡಿಯಾರಕ್ಕೆ ಆರೂವರೆ ದಿನ ಬರುತ್ತದೆ, ಐದು ಮೈಕ್ರೋಆಂಪ್ ಎಳೆದರೆ ಸುಮಾರು 32 ಗಂಟೆ. ಕೆಪಾಸಿಟರ್ ತನ್ನೊಳಗೇ ಸೋರಿಕೊಳ್ಳುವುದನ್ನು ಸೇರಿಸಿದರೆ ಇನ್ನೂ ಕಡಿಮೆ. ಹೊಸದರಲ್ಲಿ ಈ ಒಳಸೋರಿಕೆ ಮೊದಮೊದಲು ಹೆಚ್ಚಿರುತ್ತದೆ, ಒಂದೆರಡು ದಿನ ನಿರಂತರವಾಗಿ ಚಾರ್ಜಿನಲ್ಲಿದ್ದ ಮೇಲೆ ಕಡಿಮೆಯಾಗುತ್ತದೆ. ಹಾಕಿದ ದಿನವೇ ಪರೀಕ್ಷಿಸಿದ್ದರೆ ಮತ್ತೊಮ್ಮೆ ಪರೀಕ್ಷಿಸಿ.

ಹಾಗೆ ಮಾಡಿದ ಮೇಲೂ ಒಂದೇ ರಾತ್ರಿ ನಿಂತರೆ ಬೆಸುಗೆಯ ಕಡೆ ನೋಡಬೇಕು. ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್ ತೊಳೆಯದೆ ಉಳಿದಿದ್ದರೆ, ಮಳೆಗಾಲದಲ್ಲಿ ಅದು ತೇವ ಹೀರಿ ಎರಡು ಕಾಲುಗಳ ನಡುವೆ ಕಾಣದ ದಾರಿ ಮಾಡಿಕೊಡುತ್ತದೆ. ಅಲ್ಲಿ ಹತ್ತು ಮೈಕ್ರೋಆಂಪ್ ಹರಿದರೂ ಗಡಿಯಾರಕ್ಕೆ ಸೇರಬೇಕಾದದ್ದರ ಹಲವು ಪಟ್ಟು ವ್ಯರ್ಥವಾದಂತೆ. ವರ್ಷದಲ್ಲಿ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯ ಕಡೆಯ ಬೋರ್ಡುಗಳಲ್ಲಿ ಇದು ನಾನು ಅತಿ ಹೆಚ್ಚು ಕಂಡ ದೋಷ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಬೋರ್ಡಿಗೆ ಹೊಡೆಯುವ ಅಕ್ರಿಲಿಕ್ ಲೇಪನವನ್ನು ಕೆಪಾಸಿಟರ್ ಮತ್ತು ಹರಳಿನ ಭಾಗಕ್ಕೆ ಸಿಂಪಡಿಸಿ. ರಿಲೇ ಮತ್ತು ಕನೆಕ್ಟರುಗಳನ್ನು ಟೇಪಿನಿಂದ ಮುಚ್ಚಿಕೊಳ್ಳುವುದನ್ನು ಮರೆಯಬೇಡಿ. ದೊಡ್ಡ ಮಳೆಗೆ ಮೂರು ನಾಲ್ಕು ದಿನ ಕರೆಂಟು ಹೋಗುವ ಊರಾದರೆ 0.22ರ ಬದಲು ಅದೇ 5.5 ವೋಲ್ಟಿನ 1 ಫ್ಯಾರಡ್ ಹಾಕಬಹುದು. ಐದು ಮೈಕ್ರೋಆಂಪಿನ ಲೆಕ್ಕದಲ್ಲಿ ಅದು ಆರು ದಿನ ಕೊಡುತ್ತದೆ. ಚಾರ್ಜ್ ಮಾಡುವ ದಾರಿಯಲ್ಲಿ ರೆಸಿಸ್ಟರ್ ಇದೆಯೆಂದು ಮಾತ್ರ ನೋಡಿಕೊಳ್ಳಿ, ಇಲ್ಲದಿದ್ದರೆ ಖಾಲಿಯಾದ ದೊಡ್ಡ ಕೆಪಾಸಿಟರ್ ಕರೆಂಟು ಬಂದ ಕ್ಷಣದಲ್ಲಿ 5 ವೋಲ್ಟಿನ ಸರಬರಾಜನ್ನೇ ಕುಗ್ಗಿಸಿ ಬೋರ್ಡು ಏಳದಂತೆ ಮಾಡಬಹುದು.

ಪ್ರಶ್ನೆ: ಕರೆಂಟು ಹೋದರೆ ನಮ್ಮ ಬಾಯ್ಲರ್ ಗಡಿಯಾರ ನಿಲ್ಲುವುದಿಲ್ಲ, ಆದರೆ ಮಳೆಗಾಲದಲ್ಲಿ ಮುಂದೆ ಓಡುತ್ತದೆ, ಬೇಸಿಗೆಯಲ್ಲಿ ಸರಿಯಾಗಿರುತ್ತದೆ. ನಮ್ಮದು ಹೋಂಸ್ಟೇ, ಕರೆಂಟು ಇಲ್ಲದಾಗ ಡೀಸೆಲ್ ಜನರೇಟರ್ ಓಡಿಸುತ್ತೇವೆ. ಬ್ಯಾಟರಿ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ.
(ಒಬ್ಬ ಓದುಗರು, ಸೋಮವಾರಪೇಟೆ)

ಉತ್ತರ: ನಿಮ್ಮ ಗಡಿಯಾರ ಹರಳನ್ನು ನಂಬಿ ನಡೆಯುತ್ತಿಲ್ಲ ಎಂದು ತೋರುತ್ತದೆ. ಕೆಲವು ಬೋರ್ಡುಗಳು ಮನೆಗೆ ಬರುವ ವಿದ್ಯುತ್ತಿನ ಅಲೆಗಳನ್ನೇ ಎಣಿಸಿ, 50 ಅಲೆಗೆ ಒಂದು ಸೆಕೆಂಡು ಎಂದು ಲೆಕ್ಕವಿಡುತ್ತವೆ. ನಮ್ಮ ರಾಷ್ಟ್ರೀಯ ಗ್ರಿಡ್ಡಿನ ಆವರ್ತನವನ್ನು 49.90ರಿಂದ 50.05 ಹರ್ಟ್ಜಿನೊಳಗೆ ಇಡಬೇಕೆಂಬ ನಿಯಮವಿರುವುದರಿಂದ ಬೇಸಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸಣ್ಣ ಜನರೇಟರುಗಳನ್ನು, ಹೊರೆ ಬಿದ್ದಾಗ ವೇಗ ತಗ್ಗುತ್ತದೆಂಬ ಕಾರಣಕ್ಕೆ, 52 ಹರ್ಟ್ಜಿನ ಸುತ್ತ ಹೊಂದಿಸಿಡುವ ರೂಢಿಯಿದೆ. 52 ಹರ್ಟ್ಜಿನಲ್ಲಿ ಜನರೇಟರ್ ಒಂದು ಗಂಟೆ ಓಡಿದರೆ ಗಡಿಯಾರ 2 ನಿಮಿಷ 24 ಸೆಕೆಂಡು ಮುಂದೆ ಹೋಗುತ್ತದೆ, ದಿನಕ್ಕೆ ಐದು ಗಂಟೆ ಓಡಿದರೆ 12 ನಿಮಿಷ. ಜನರೇಟರ್ ಓಡಿದ ಗಂಟೆಗಳನ್ನೂ ಗಡಿಯಾರ ಮುಂದೋಡಿದ ನಿಮಿಷಗಳನ್ನೂ ಒಂದು ವಾರ ಬರೆದಿಡಿ. ಎರಡೂ ಜೊತೆಯಾಗಿ ಏರಿಳಿದರೆ ಕಾರಣ ಇದೇ. ಆಗ ಬೋರ್ಡಿನಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ಜನರೇಟರಿನ ವೇಗವನ್ನು ನಿಯಂತ್ರಿಸುವ ಗವರ್ನರನ್ನು ತಿಳಿದವರಿಂದ ಸರಿಹೊಂದಿಸಿ, ಅಥವಾ ಕಂಟ್ರೋಲ್ ಬೋರ್ಡಿಗಷ್ಟೇ ಸೈನ್ ವೇವ್ ಇನ್ವರ್ಟರಿನ ಸಂಪರ್ಕವನ್ನು ಎಲೆಕ್ಟ್ರಿಷಿಯನ್‌ರಿಂದ ಪ್ರತ್ಯೇಕವಾಗಿ ಮಾಡಿಸಿ.

ಹರಳಿನ ಗಡಿಯಾರ ಹೀಗೆ ಓಡುವುದಿಲ್ಲ. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ 20 ಭಾಗ ತಪ್ಪಬಹುದು, ಅಂದರೆ ತಿಂಗಳಿಗೆ ಒಂದು ನಿಮಿಷಕ್ಕಿಂತ ಕಡಿಮೆ.

ಪ್ರಶ್ನೆ: ನಮ್ಮದು ಡೀಸೆಲ್ ಬರ್ನರಿನ ಹಳೆಯ ಬಾಯ್ಲರ್, ಸಂಬಂಧಿಕರು ಹೊರದೇಶದಿಂದ ತಂದದ್ದು. ಬೋರ್ಡಿನಲ್ಲಿ ಬ್ಯಾಟರಿಯೂ ಇಲ್ಲ, ಕೆಪಾಸಿಟರೂ ಇಲ್ಲ. ದಪ್ಪನೆಯ ಕಪ್ಪು ಇಟ್ಟಿಗೆಯಂಥ ಚಿಪ್ಪೊಂದರ ಮೇಲೆ ಡಲ್ಲಾಸ್ ಡಿಎಸ್ 12887 ಎಂದಿದೆ. ಸಮಯದ ಜೊತೆ ಹೊಂದಿಸಿದ್ದೆಲ್ಲವೂ ಅಳಿಸಿಹೋಗುತ್ತಿದೆ.
(ಒಬ್ಬ ಓದುಗರು, ಗೋಣಿಕೊಪ್ಪ)

ಉತ್ತರ: ಬ್ಯಾಟರಿ ಆ ಇಟ್ಟಿಗೆಯೊಳಗೇ ಇದೆ. ಗಡಿಯಾರದ ಚಿಪ್ಪು, ಹರಳು ಮತ್ತು ಲಿಥಿಯಂ ಸೆಲ್ಲು ಮೂರನ್ನೂ ಒಟ್ಟಿಗೆ ರಾಳದಲ್ಲಿ ಮುಳುಗಿಸಿ ಮಾಡಿದ್ದು ಅದು; ತಯಾರಕರು ಅದಕ್ಕೆ ಕೊಟ್ಟಿರುವ ಅವಧಿ 10 ವರ್ಷ. ಅದರಲ್ಲಿ 114 ಬೈಟುಗಳ ನೆನಪಿನ ಜಾಗವೂ ಇರುವುದರಿಂದ, ನಿಮ್ಮ ಬೋರ್ಡು ತನ್ನ ಹೊಂದಾಣಿಕೆಗಳನ್ನೂ ಅಲ್ಲೇ ಇಟ್ಟಿರಬೇಕು. ಯುರೋಪಿನ ಚಳಿಯ ದೇಶಗಳಲ್ಲಿ ಇಂಥ ಬಾಯ್ಲರುಗಳು ಸ್ನಾನದ ನೀರಿನ ಜೊತೆ ಮನೆಯ ಕೋಣೆಗಳನ್ನೂ ಕಾಯಿಸುತ್ತವೆ, ಹಾಗಾಗಿ ವಾರದ ಏಳು ದಿನಗಳಿಗೆ ಬೇರೆ ಬೇರೆ ಸಮಯ, ಬೇರೆ ಬೇರೆ ಉಷ್ಣತೆ ಎಂದು ಹೊಂದಿಕೆಗಳು ಬಹಳ. ಅವು ಒಮ್ಮೆಯಾದರೂ ಸರಿಯಾಗಿದ್ದಾಗ ಎಲ್ಲವನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡು, ಅನಂತರ ಚಿಪ್ಪನ್ನೇ ಬದಲಾಯಿಸಬೇಕು. ಅಂಗಡಿಯಲ್ಲಿ ಹಳೆಯ ದಾಸ್ತಾನು ಕೊಟ್ಟರೆ ಅದರೊಳಗಿನ ಸೆಲ್ಲೂ ಅಷ್ಟೇ ವಯಸ್ಸಾದದ್ದೆಂದು ತಿಳಿದು, ಮೈಮೇಲೆ ಮುದ್ರಿಸಿರುವ ತಯಾರಿಕೆಯ ವರ್ಷ ಮತ್ತು ವಾರದ ಅಂಕಿಯನ್ನು ನೋಡಿ ಕೊಳ್ಳಿ. ಹಳೆಯದನ್ನು ಬಿಚ್ಚಿದ ಜಾಗಕ್ಕೆ ಸಾಕೆಟ್ ಬೆಸೆದರೆ ಮುಂದಿನ ಬಾರಿ ಬೆಸುಗೆಯೇ ಬೇಕಾಗುವುದಿಲ್ಲ.

ಬರ್ನರಿನ ಬಾಯ್ಲರಿನಲ್ಲಿ ಬೋರ್ಡನ್ನು ಬಿಚ್ಚುವುದು ಮತ್ತು ಮರಳಿ ಕೂರಿಸುವುದು ಬರ್ನರ್ ಕೆಲಸ ಬಲ್ಲವರ ಕೈಯಲ್ಲೇ ಆಗಲಿ. ಜ್ವಾಲೆ ಹತ್ತದಿದ್ದಾಗ ಡೀಸೆಲನ್ನು ನಿಲ್ಲಿಸುವ ವ್ಯವಸ್ಥೆ ಅದೇ ಪೆಟ್ಟಿಗೆಯಲ್ಲಿ ಇರಬಹುದು, ಅದರ ಒಂದು ತಂತಿ ತಪ್ಪಿ ಕೂತರೂ ಬಾಯ್ಲರಿನೊಳಗೆ ಹೊತ್ತದ ಡೀಸೆಲ್ ತುಂಬಿಕೊಳ್ಳುತ್ತದೆ. ಚಿಪ್ಪನ್ನು ಮಾತ್ರ ನೀವು ತರಿಸಿಟ್ಟುಕೊಂಡು, ಈ ವರ್ಷದ ಸರ್ವಿಸಿಗೆ ಅವರು ಬಂದಾಗ ಕೈಗೆ ಕೊಡಿ.